ಬೆಳ್ಳಿ ರೂಪಾಯಿಯೋ, ತಾಮ್ರದ ಕಾಸೋ, ಒಟ್ಟೆ ಮುಕ್ಕಾಲೋ: ಬ್ರಿಟಿಷರ ಕಾಲದ ನಾಣ್ಯ ಕೂಡಿಸ್ಲಿಕ್ಕೆ ಎಲ್ಲಿಂದ ಶುರು ಮಾಡುದು?

ಹೋದ ಮಳೆಗಾಲಕ್ಕೆ ಮೊದಲು ಕಾಸರಗೋಡಿನ ಬದಿಯಡ್ಕ ಹತ್ತಿರದ ನಮ್ಮ ಹಳೆ ಮನೆಯ ಅಟ್ಟ ಬಿಚ್ಚಿದ್ರು. ಹುಳ ತಿಂದ ಮರದ ಪೆಟ್ಟಿಗೆಯೊಳಗೆ ಅರಿಶಿನದ ಬಟ್ಟೆಯಲ್ಲಿ ಕಟ್ಟಿಟ್ಟ ಒಂದು ಮುಡಿಪು ಸಿಕ್ಕಿತು, ಯಾರು ಯಾವ ಹರಕೆಗೆ ಕಟ್ಟಿದ್ದೋ ಈಗ ಹೇಳುವವರಿಲ್ಲ. ಬಿಚ್ಚಿ ನೋಡಿದ್ರೆ ಮೂರು ರಾಣಿ ಛಾಪು ಬೆಳ್ಳಿ ರೂಪಾಯಿ, ಅದರಲ್ಲಿ ಒಂದಕ್ಕೆ ಕೊಕ್ಕೆ ಬೆಸೆದದ್ದು, ನಡುವೆ ತೂತು ಇರುವ ಏಳೆಂಟು ಒಟ್ಟೆ ಮುಕ್ಕಾಲು, ಮತ್ತೆ ಸವೆದು ಕಪ್ಪಾದ ದಪ್ಪ ತಾಮ್ರದ ಬಿಲ್ಲೆಗಳು ಒಂದು ಮುಷ್ಟಿ. ಆವತ್ತಿಂದ ತಮ್ಮನ ಮಗನಿಗೆ ಇದರ ಹುಚ್ಚು ಹಿಡಿದದ್ದು. "ದೊಡ್ಡಪ್ಪ, ಇನ್ನು ಕೂಡಿಸುದಾದ್ರೆ ಯಾವುದು ತೆಗೊಳ್ಳುದು, ಬೆಳ್ಳಿಯಾ ತಾಮ್ರವಾ" ಅಂತ ಕೇಳ್ತಾ ಇದ್ದ. ಇದೇ ಪ್ರಶ್ನೆ ಬೇರೆ ನಾಲ್ಕೈದು ಜನ ಕೇಳಿದ್ದಾರೆ, ಹಾಗಾಗಿ ಇಪ್ಪತ್ತು ವರ್ಷದಿಂದ ಕೂಡಿಸಿ, ನೋಡಿ, ಕೆಲವು ಸಲ ಮೋಸ ಹೋಗಿ ಕಲಿತದ್ದನ್ನು ಇಲ್ಲಿ ಒಟ್ಟಿಗೆ ಹೇಳ್ತೇನೆ.

ಮೊದಲು ಲೆಕ್ಕ ಗೊತ್ತಿರ್ಬೇಕು, ಇಲ್ಲದ್ರೆ ನಾಣ್ಯ ಕೈಗೆ ಬಂದ್ರೂ ಅದು ಏನಂತ ಗೊತ್ತಾಗುದಿಲ್ಲ. ಒಂದು ರೂಪಾಯಿಗೆ 16 ಆಣೆ, ಆಣೆಗೆ 4 ಮುಕ್ಕಾಲು (ಕಾಲಾಣೆ ಅಂದ್ರೂ ಇದೇ), ಮುಕ್ಕಾಲಿಗೆ 3 ಕಾಸು. ಅಂದ್ರೆ ರೂಪಾಯಿಗೆ 64 ಮುಕ್ಕಾಲು, 192 ಕಾಸು. ನಾಲ್ಕಾಣೆಗೆ ನಮ್ಮ ಕಡೆ ಪಾವಲಿ ಅಂತ ಹೇಳುದು. 1957 ಏಪ್ರಿಲ್ 1ಕ್ಕೆ ನಯಾಪೈಸೆ ಬಂದ ಮೇಲೆ ಈ ಲೆಕ್ಕ ಹೋಯ್ತು, ಆದ್ರೆ ನಮ್ಮ ಅಜ್ಜಿ ಸಾಯುವ ತನಕ ಅಡಿಕೆಯ ಬಾಕಿ ಹಣವನ್ನು ಆಣೆಯಲ್ಲೇ ಮನಸ್ಸಲ್ಲಿ ಲೆಕ್ಕ ಹಾಕ್ತಿದ್ರು.

ಇನ್ನೊಂದು ವಿಷಯ, ಈಗ ನಾವು ಕೇರಳದಲ್ಲಿ ಇದ್ದೇವೆ ಅಂತ ನಾಣ್ಯವನ್ನೂ ಕೇರಳದ್ದೇ ಹುಡುಕಲಿಕ್ಕೆ ಹೋದ್ರೆ ತಪ್ಪಾಗ್ತದೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ನಮ್ಮ ಕೆನರಾ ಜಿಲ್ಲೆ ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಹೋದದ್ದು, ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಅಲ್ಲಿಂದ 1956ರ ತನಕ ಕಾಸರಗೋಡು ದಕ್ಷಿಣ ಕನ್ನಡದ ಒಟ್ಟಿಗೆ ಮದ್ರಾಸಿಗೆ ಸೇರಿದ ಊರು. ಹಾಗಾಗಿ ನಮ್ಮ ಅಟ್ಟದಲ್ಲಿ ಸಿಗುದು ಹೆಚ್ಚಾಗಿ ಮದ್ರಾಸಿನದ್ದು, ಕಲ್ಕತ್ತಾ ಬೊಂಬಾಯಿ ಟಂಕಸಾಲೆಯದ್ದು. ತಿರುವಾಂಕೂರಿನ ಚಕ್ರ ಚಂದ ಉಂಟು, ಹೆಸರುಕಾಳಿಗಿಂತ ಸ್ವಲ್ಪ ದೊಡ್ಡ ಬೆಳ್ಳಿ ತುಣುಕು, ಎಣಿಸ್ಲಿಕ್ಕೆ ಗುಳಿ ಇರುವ ಹಲಗೆಯೇ ಬೇಕಿತ್ತು, ಇಪ್ಪತ್ತೆಂಟೂವರೆ ಚಕ್ರ ಸೇರಿದ್ರೆ ಒಂದು ಬ್ರಿಟಿಷ್ ರೂಪಾಯಿ. ಆದ್ರೆ ಅದು ತೆಂಕಣ ರಾಜ್ಯದ ಕತೆ, ಶುರುವಿಗೆ ಬೇಡ.

ಈಗ ಬೆಳ್ಳಿ ರೂಪಾಯಿ. ಎಲ್ಲರ ಕಣ್ಣು ಹೋಗುದು ಇದಕ್ಕೇ. 1835ರಲ್ಲಿ ಕಂಪೆನಿ ಮದ್ರಾಸು, ಬೊಂಬಾಯಿ, ಬಂಗಾಳಕ್ಕೆಲ್ಲ ಒಂದೇ ನಾಣ್ಯ ಅಂತ ಕಾನೂನು ತಂದಿತು, 180 ಗ್ರೈನ್ ತೂಕ, ಅಂದ್ರೆ 11.66 ಗ್ರಾಮ್, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಈ ತೂಕ ಮುಂದೆ ನೂರು ವರ್ಷ ಅಲುಗಲಿಲ್ಲ. ಮೊದಲು ಬಂದದ್ದು ನಾಲ್ಕನೇ ವಿಲಿಯಂ ರಾಜನ ತಲೆ, ಅದರಲ್ಲಿ ನಾಲ್ಕು ಅಂತ ಬರೆಯುವಾಗ ನಾವು ಗಡಿಯಾರದಲ್ಲಿ ನೋಡುವ ಹಾಗೆ ನಾಲ್ಕು ಗೀಟು ಎಳೆದಿದ್ದಾರೆ. ಆ ರಾಜ 1837ರಲ್ಲೇ ತೀರಿಕೊಂಡ, ಆದ್ರೂ 1835 ಅಂತಲೇ ಬರೆದ ಅವನ ರೂಪಾಯಿ 1840ರ ತನಕ ಅಚ್ಚಾಗ್ತಾ ಇತ್ತು. ಮತ್ತೆ ವಿಕ್ಟೋರಿಯಾ. 1840ರ ನಾಣ್ಯದಲ್ಲಿ ಅವಳಿಗೆ ಕಿರೀಟ ಇಲ್ಲ, ಕೂದಲು ಹಿಂದೆ ಕಟ್ಟಿದ ಪ್ರಾಯದ ಹುಡುಗಿಯ ಮುಖ, ಹಿಂದಿನ ಬದಿಯಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಅಂತ ಉಂಟು. ಇದರಲ್ಲಿ ಎರಡು ಬಗೆ: ಹೆಸರು ತಲೆಯ ಮೇಲಿಂದ ಒಂದೇ ಸಾಲಿನಲ್ಲಿ ಸುತ್ತಿ ಬಂದದ್ದು ಒಂದು, ತಲೆಯ ಎರಡೂ ಬದಿಗೆ ಒಡೆದು ಬರೆದದ್ದು ಇನ್ನೊಂದು. 1857ರ ದಂಗೆ ಆಗಿ 1858ರಲ್ಲಿ ಕಂಪೆನಿಯ ಆಡಳಿತ ಹೋದ ಮೇಲೆ 1862ರ ರೂಪಾಯಿಯಲ್ಲಿ ಕಂಪೆನಿಯ ಹೆಸರು ಮಾಯ, ರಾಣಿಗೆ ಕಿರೀಟ, ಮೈಮೇಲೆ ಹೂಬಳ್ಳಿಯ ಕಸೂತಿ ಅಂಗಿ. 1877ರಿಂದ ರಾಣಿ ಹೋಗಿ ಚಕ್ರವರ್ತಿನಿ ಆದಳು, ನಾಣ್ಯದಲ್ಲಿ ಕ್ವೀನ್ ಇದ್ದಲ್ಲಿ ಎಂಪ್ರೆಸ್ ಬಂತು. ನಮ್ಮ ಮುಡಿಪಿನ ಮೂರರಲ್ಲಿ ಎರಡು ಎಂಪ್ರೆಸ್, ಒಂದು 1862ರ ಕ್ವೀನ್.

ಆ 1862ರದ್ದನ್ನು ಸ್ವಲ್ಪ ಹತ್ತಿರದಿಂದ ನೋಡ್ಬೇಕು. 1874ರ ತನಕ ಇಸವಿ ಬದಲಿಸದೆ 1862 ಅಂತಲೇ ಹೊಡೀತಾ ಇದ್ರು, ಯಾವ ವರ್ಷದ್ದು ಅಂತ ಗುರುತಿಗೆ ಸಣ್ಣ ಸಣ್ಣ ಚುಕ್ಕೆ ಇಟ್ರು. ಭೂತಕನ್ನಡಿ ಹಿಡಿದು ಇಸವಿಯ ಮೇಲೆ ಕೆಳಗೆ ನೋಡಿದ್ರೆ ಚುಕ್ಕೆ ಕಾಣ್ತದೆ, ಸವೆದಿದ್ರೆ ಕಾಣುದಿಲ್ಲ. ಹೊಳೀತದೆ ಅಂತ ತೆಗೊಳ್ಳುದು, ಹಳತು ಅಂತ ತೆಗೊಳ್ಳುದು ಎರಡೂ ಬೇಡ, ಚುಕ್ಕೆ ಎಣಿಸ್ಲಿಕ್ಕೆ ತಾಳ್ಮೆ ಇದ್ದವರು ಮಾತ್ರ ಈ ಸಾಲು ಹಿಡೀರಿ, ಆಗ ಒಂದೇ ಇಸವಿಯ ಒಳಗೆ ಹತ್ತು ಹನ್ನೆರಡು ವರ್ಷದ ಚರಿತ್ರೆ ಸಿಗ್ತದೆ.

ಏಳನೇ ಎಡ್ವರ್ಡ್‌ನ ರೂಪಾಯಿ 1903ರಿಂದ 1910, ಬೊಕ್ಕ ತಲೆಯ ರಾಜ, ಕಿರೀಟ ಇಲ್ಲ. ಕಿರೀಟ ಹಿಂದಿನ ಬದಿಗೆ ಹೋಗಿ ಕೂತಿದೆ, ಅಕ್ಕಪಕ್ಕ ಹೂವಿನ ದಂಟು. ವಿನ್ಯಾಸದಲ್ಲಿ ನನಗೆ ಇಷ್ಟವಾದ ರೂಪಾಯಿ ಇದು, ಜಾಗ ಬಿಟ್ಟು ಬರೆದ ಅಕ್ಷರ, ಗಿಜಿಗಿಜಿ ಇಲ್ಲ. ಐದನೇ ಜಾರ್ಜ್ ಬಂದಾಗ ಆದ ಎಡವಟ್ಟು ಎಲ್ಲರಿಗೂ ಗೊತ್ತುಂಟು: 1911ರ ನಾಣ್ಯದಲ್ಲಿ ರಾಜನ ನಿಲುವಂಗಿಯ ಮೇಲಿನ ಸರದಲ್ಲಿ ಒಂದು ಆನೆ, ಅದರ ಸೊಂಡಿಲು ಎಷ್ಟು ಗಿಡ್ಡ ಆಗಿತ್ತು ಅಂದ್ರೆ ನೋಡಿದವರಿಗೆ ಹಂದಿಯ ಹಾಗೆ ಕಾಣಿಸಿತು, ಮುಸ್ಲಿಮರ ಮನಸ್ಸಿಗೆ ನೋವಾಯ್ತು, ಸರಕಾರ ಹಂಚದೆ ಉಳಿದದ್ದನ್ನು ವಾಪಸ್ ತೆಗೊಂಡು ಕರಗಿಸಿ 1912ರಲ್ಲಿ ಸೊಂಡಿಲು ಸರಿಯಾಗಿ ಕಾಣುವ ಹಾಗೆ ಹೊಸ ಅಚ್ಚು ಮಾಡಿತು. ಇದಕ್ಕೆ ಹಂದಿ ರೂಪಾಯಿ ಅಂತ ಹೆಸರು, ಬೆಲೆಯೂ ಹೆಚ್ಚು, ನಕಲಿಯೂ ಹೆಚ್ಚು. ಆದ್ರೆ ಒಂದು ಗುಟ್ಟು ಹೇಳ್ತೇನೆ: ಅದೇ ಆನೆ 1911ರ ತಾಮ್ರದ ಬಣ್ಣದ ಕಾಲಾಣೆಯಲ್ಲೂ ಉಂಟು. ಅದು ಲೆಕ್ಕವಿಲ್ಲದಷ್ಟು ಅಚ್ಚಾಗಿದೆ, ಈಗಲೂ ಕಡಿಮೆಗೆ ಸಿಗ್ತದೆ. ಹಂದಿ ಆನೆ ನೋಡುವ ಆಸೆ ಇದ್ರೆ ಅದನ್ನೇ ತೆಗೊಳ್ಳಿ, 1912ರದ್ದು ಒಂದು ತೆಗೊಂಡು ಪಕ್ಕ ಪಕ್ಕ ಇಟ್ಟು ನೋಡಿ.

ಆರನೇ ಜಾರ್ಜ್‌ನ ಬೆಳ್ಳಿ ತೆಗೊಳ್ಳುವಾಗ ಮಾತ್ರ ಜಾಗ್ರತೆ ಬೇಕು. 1938, 39ರ ರೂಪಾಯಿ ಹಳೆ ಬೆಳ್ಳಿಯದ್ದೇ. 1940ರಿಂದ ಯುದ್ಧದ ಅಡಚಣೆಗೆ ಬೆಳ್ಳಿ ಅರ್ಧಕ್ಕೆ ಇಳಿಸಿದ್ರು. ತೂಕ ಅದೇ 11.66, ಆದ್ರೆ ಹಳೆ ರೂಪಾಯಿಯಲ್ಲಿ ಸುಮಾರು 10.69 ಗ್ರಾಮ್ ಶುದ್ಧ ಬೆಳ್ಳಿ ಇದ್ರೆ ಇದರಲ್ಲಿ 5.83 ಗ್ರಾಮ್ ಮಾತ್ರ. ಅಂಚು ನೋಡಿದ್ರೆ ಗೊತ್ತಾಗ್ತದೆ, ಗೀರುಗಳ ನಡುವೆ ಸುತ್ತ ಒಂದು ಚಡಿ ಓಡ್ತದೆ, ನಕಲಿ ತಡೀಲಿಕ್ಕೆ ಅಂತ ಮಾಡಿದ್ದು. 1947ರ ರೂಪಾಯಿಯಲ್ಲಿ ಹುಲಿ ಉಂಟು, ಚಂದ ಉಂಟು, ಆದ್ರೆ ಅದು ನಿಕ್ಕಲ್, ಅಯಸ್ಕಾಂತಕ್ಕೆ ಟಕ್ ಅಂತ ಹಿಡೀತದೆ. ಹುಲಿ ರೂಪಾಯಿಯನ್ನು ಬೆಳ್ಳಿ ಅಂತ ಹೇಳಿ ಕೊಟ್ಟದ್ದನ್ನು ನಾನೇ ನೋಡಿದ್ದೇನೆ. 1939ರ ಬೆಳ್ಳಿ ರೂಪಾಯಿ ತುಂಬ ಅಪರೂಪ, ಹಾಗಾಗಿ ಯಾರಾದ್ರೂ "ಮನೇಲಿ ಇತ್ತು, ಕಡಿಮೆಗೆ ಕೊಡ್ತೇನೆ" ಅಂತ ತಂದ್ರೆ ಮೊದಲು ಸಂಶಯ ಪಡಿ.

ನಾನು ಮೋಸ ಹೋದದ್ದೂ ರೂಪಾಯಿಯಲ್ಲೇ. ಒಂದು ಜಾತ್ರೆಯ ಸಂತೆಯಲ್ಲಿ ಬಟ್ಟೆ ಹಾಸಿ ಕೂತವನ ಹತ್ತಿರ ಕಂಪೆನಿ ರೂಪಾಯಿ ಅಂತ ಐದು ತೆಗೊಂಡೆ, ಮನೆಗೆ ಬಂದು ತೂಗಿದ್ರೆ ಯಾವುದೂ ಹತ್ತೂವರೆ ಗ್ರಾಮ್ ದಾಟಲಿಲ್ಲ. ತಿಂಗಳ ಸಂಬಳದ ದೊಡ್ಡ ಪಾಲು ಹೋಯ್ತು, ಇವತ್ತಿಗೂ ಅದು ನೆನಪಾದ್ರೆ ಹೊಟ್ಟೆ ಉರೀತದೆ. ಅದರ ಮೇಲೆ ಅಡಿಗೆಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಕಲಿತೆ. ಚಿನ್ನ ತೂಗುವ ಸಣ್ಣ ಡಿಜಿಟಲ್ ತಕ್ಕಡಿ ಈಗ ಎಲ್ಲ ಕಡೆ ಸಿಗ್ತದೆ. ಮೊದಲು ನಾಣ್ಯ ತೂಗಿ, ಸವೆದು 11.4, 11.5 ಬಂದ್ರೂ ತೊಂದರೆ ಇಲ್ಲ. ಮತ್ತೆ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ನಾಣ್ಯಕ್ಕೆ ನೂಲು ಕಟ್ಟಿ ನೀರೊಳಗೆ ಇಳಿಬಿಡಿ, ತಳಕ್ಕೂ ಬದಿಗೂ ತಾಗಬಾರದು. ಒಳ್ಳೆ ಬೆಳ್ಳಿ ರೂಪಾಯಿಯಾದ್ರೆ ತಕ್ಕಡಿ ಸುಮಾರು 1.13 ತೋರಿಸ್ತದೆ. ಅದೇ ತೂಕಕ್ಕೆ ತಾಮ್ರ ನಿಕ್ಕಲ್ ಬೆರಕೆ ಮಾಡಿ ಬೆಳ್ಳಿ ನೀರು ಕುಡಿಸಿದ್ದಾದ್ರೆ 1.3ರ ಹತ್ತಿರ ಹೋಗ್ತದೆ. ನಾಣ್ಯಕ್ಕೆ ಒಂದು ಗೀರೂ ಬೀಳದ ಪರೀಕ್ಷೆ ಇದು. ಉಜ್ಜಿ ನೋಡುದು, ಕಲ್ಲಿಗೆ ತಿಕ್ಕುದು, ನೆಲಕ್ಕೆ ಬಡಿದು ಶಬ್ದ ಕೇಳುದು ದಯವಿಟ್ಟು ಬೇಡ.

ಹಾಗಾದ್ರೆ ರೂಪಾಯಿ ತೆಗೊಳ್ಳುದೇ ಬೇಡವಾ? ತೆಗೊಳ್ಳಿ, ಒಬ್ಬೊಬ್ಬ ರಾಜನದ್ದು ಒಂದೊಂದು, ಅಷ್ಟು ಸಾಕು. ಸಾಮಾನ್ಯ ಇಸವಿಯದ್ದು ಬೆಳ್ಳಿಯ ರೇಟಿಗೆ ಸ್ವಲ್ಪ ಮೇಲೆ ಕೊಟ್ರೆ ಸಿಗ್ತದೆ, ಬೆಳ್ಳಿ ಏರಿದ್ರೆ ಅದೂ ಏರ್ತದೆ. ಆದ್ರೆ ಹೂಡಿಕೆ ಬೇಕಾದವರಿಗೆ ಬೆಳ್ಳಿ ಗಟ್ಟಿಯೇ ಸಾಕಲ್ವಾ, ನಾಣ್ಯ ಯಾಕೆ. ಚಿನ್ನದ ವಿಷಯವೂ ಹೀಗೇ. ನಾವು ಕಾಸರಗೋಡಿನವರು ಈಗಲೂ ಮದುವೆಗೆ ಇಷ್ಟು ಪವನ್ ಅಂತ ಮಾತಾಡುದು, ಅದು ಸಾವರಿನ್ ನಾಣ್ಯದಿಂದ ಬಂದ ತೂಕ, 7.988 ಗ್ರಾಮ್, ಅದನ್ನೇ 8 ಅಂತ ಮಾಡಿದ್ದು. ಒಂದು ಕಾಲದಲ್ಲಿ ಸರಕಾರವೇ 15 ರೂಪಾಯಿಗೆ ಒಂದು ಸಾವರಿನ್ ಅಂತ ಇಟ್ಟಿತ್ತು, 1918ರಲ್ಲಿ ಬೊಂಬಾಯಿಯಲ್ಲೂ ಅಚ್ಚು ಹಾಕಿದ್ರು, ಆ ವರ್ಷದ್ದಕ್ಕೆ ಇಂಡಿಯಾದ ಗುರುತಿಗೆ ಐ ಅಂತ ಸಣ್ಣ ಅಕ್ಷರ ಉಂಟು. ಕಾಸಿನ ಸರದಿಂದ ಬಿಚ್ಚಿದ್ದು ನಿಮ್ಮ ಮನೇಲಿ ಇದ್ರೆ ಕರಗಿಸುವ ಮೊದಲು ಆ ಅಕ್ಷರ ಹುಡುಕಿ.

ನನ್ನ ಮನಸ್ಸು ಇರುದು ತಾಮ್ರದಲ್ಲಿ. ಕಂಪೆನಿಯ ಮದ್ರಾಸ್ ಕಾಸುಗಳು, 1803ರದ್ದು, 1808ರದ್ದು, ಇವು ಇಲ್ಲಿ ಅಚ್ಚಾದದ್ದೇ ಅಲ್ಲ, ಬರ್ಮಿಂಗ್‌ಹ್ಯಾಮ್ ಹತ್ತಿರ ಮ್ಯಾಥ್ಯೂ ಬೋಲ್ಟನ್ ಅಂತ ಒಬ್ಬರು ಉಗಿಯಂತ್ರ ಇಟ್ಟು ನಡೆಸ್ತಿದ್ದ ಸೋಹೋ ಟಂಕಸಾಲೆಯಲ್ಲಿ ಅಚ್ಚಾಗಿ ಹಡಗಲ್ಲಿ ಬಂದದ್ದು. ಒಂದು ಬದಿ ಸಿಂಹಗಳು ಹಿಡಿದ ಕಂಪೆನಿಯ ಲಾಂಛನ, ಇನ್ನೊಂದು ಬದಿ ಪಾರ್ಸಿಯಲ್ಲಿ ಇಪ್ಪತ್ತು ಕಾಸು ಅಂದ್ರೆ ನಾಲ್ಕು ಫಲೂಸ್ ಅಂತ ಲೆಕ್ಕವೇ ಬರೆದಿದ್ದಾರೆ. ಆಗ ವರಾಹ ಅಂತ ಚಿನ್ನದ ನಾಣ್ಯದ ಲೆಕ್ಕ, ಮೇಲೆ ಹೇಳಿದ ರೂಪಾಯಿಗೆ 192ರ ಕಾಸಲ್ಲ ಇದು: 80 ಕಾಸಿಗೆ ಒಂದು ಪಣ, 42 ಪಣಕ್ಕೆ ಒಂದು ವರಾಹ. 1818ರಲ್ಲಿ ಮದ್ರಾಸಲ್ಲಿ ರೂಪಾಯಿಯನ್ನೇ ಮೂಲ ಮಾಡಿ ವರಾಹಕ್ಕೆ ಮೂರೂವರೆ ರೂಪಾಯಿ ಅಂತ ಇಟ್ರು. 1808ರ ಕಾಸು ಹೊತ್ತ ಅಡ್ಮಿರಲ್ ಗಾರ್ಡ್ನರ್ ಅಂತ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಕರಾವಳಿಯ ಗುಡ್ವಿನ್ ಮರಳುದಿಬ್ಬದಲ್ಲಿ ಮುಳುಗಿತು, 1980ರ ದಶಕದಲ್ಲಿ ಮುಳುಗುಗಾರರು ರಾಶಿ ರಾಶಿ ಎತ್ತಿದ್ರು. ಹಾಗಾಗಿ 1808ರ ಕಾಸು ಎರಡು ತರ ಸಿಗ್ತದೆ. ಒಂದು ಹಡಗಿನದ್ದು, ಅಕ್ಷರ ಎಲ್ಲ ಚೂಪು, ಯಾರ ಕೈಗೂ ಹೋಗದೆ ಸಮುದ್ರದಲ್ಲಿ ಇದ್ದದ್ದು. ಇನ್ನೊಂದು ಇಲ್ಲಿ ಸಂತೆಯಲ್ಲಿ ಓಡಾಡಿ ಸಿಂಹದ ಮುಖ ಸವೆದದ್ದು. ಬೆಲೆಯಲ್ಲಿ ಮೊದಲನೆಯದ್ದೇ ಹೆಚ್ಚು, ಆದ್ರೆ ನನಗೆ ಕೇಳಿದ್ರೆ ಸವೆದದ್ದೇ ಇರ್ಲಿ, ಅದು ಉಪ್ಪಿಗೋ ಎಲೆಅಡಿಕೆಗೋ ನಮ್ಮ ಜನ ಕೊಟ್ಟು ತೆಗೊಂಡ ಕಾಸು.

ಇದರ ಒಟ್ಟಿಗೆ ಹೋಲಿಸಿ ನೋಡ್ಬೇಕಾದ್ದು ಮೈಸೂರಿನ ಮಯಿಲಿ ಕಾಸು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, ಅಂದ್ರೆ ಮೇಲಿಂದ ಕಂಪೆನಿ ಇದ್ದ ಕಾಲವೇ. ಮೊದಲಿನದ್ದರಲ್ಲಿ ಆನೆ, ಅದರ ಮೇಲೆ ಶ್ರೀ, ಆಮೇಲಿನದ್ದರಲ್ಲಿ ಸಿಂಹ, ಶ್ರೀ ಚಾಮುಂಡಿ ಅಂತ ಬರಹ. ಹಿಂದಿನ ಬದಿಯಲ್ಲಿ ಕನ್ನಡದಲ್ಲಿ ಮಯಿಲಿ ಕಾಸು, ಇಂಗ್ಲಿಷಲ್ಲಿ ರೋಮನ್ ಅಂಕೆ ಹಾಕಿ ಇಪ್ಪತ್ತು ಕ್ಯಾಶ್, ಪಾರ್ಸಿಯೂ ಉಂಟು. ಅಚ್ಚು ಒರಟು, ಬಿಲ್ಲೆ ಸಣ್ಣ, ಅಕ್ಷರ ಅರ್ಧ ಹೊರಗೆ ಹೋಗಿರ್ತದೆ, ಸೋಹೋದ ನಯಕ್ಕೆ ಹೋಲಿಸಿದ್ರೆ ಏನೂ ಅಲ್ಲ. ಆದ್ರೂ ಮೊದಲ ಸಲ ಒಂದು ಕೈಗೆ ಬಂದು ಅದರಲ್ಲಿ "ಕಾಸು" ಅಂತ ನನ್ನ ಭಾಷೆಯ ಅಕ್ಷರ ಓದಿದಾಗ ಗಂಟಲು ಕಟ್ಟಿ ಬಂತು. ಯಾಕೆ ಅಂದ್ರೆ ಮದ್ರಾಸಿನವರು 1807, 08ರ ಸುಮಾರಿಗೆ ಗೋಪುರ ಮತ್ತೆ ವಿಷ್ಣುವಿನ ಚಿತ್ರ ಇರುವ ಕಾಲು ವರಾಹ, ಅರ್ಧ ವರಾಹ ಬೆಳ್ಳಿಯಲ್ಲಿ ಮಾಡಿದ್ರು, ಅದರಲ್ಲಿ ಇಂಗ್ಲಿಷ್, ಪಾರ್ಸಿ, ತಮಿಳು, ತೆಲುಗು ಎಲ್ಲ ಉಂಟು, ಕೆನರಾ ಜಿಲ್ಲೆ ಅವರದ್ದೇ ಆಗಿದ್ರೂ ಕನ್ನಡ ಇಲ್ಲ. ಅಷ್ಟು ಹಿಂದೆಯೇ ನಮ್ಮನ್ನು ಬಿಟ್ಟಿದ್ದಾರೆ ಅಂತ ಗಡಿಯಲ್ಲಿ ಕೂತವನಿಗೆ ಅನಿಸದೆ ಇರ್ತದಾ? ಮುಂದೆ 1907ರಿಂದ ಬಂದ ಒಂದಾಣೆಯಲ್ಲೂ ಹಾಗೇ. ಅಲೆ ಅಲೆ ಅಂಚಿನ ಆ ಆಣೆಯ ಹಿಂದೆ ಉರ್ದು, ನಾಗರಿ, ಬಂಗಾಳಿ, ತೆಲುಗು ಇರ್ತದೆ, ತೆಲುಗಿನ "ಒಕ ಅಣಾ" ನಮಗೆ ಓದ್ಲಿಕ್ಕೆ ಬರ್ತದೆ, ಸಣ್ಣದಿರುವಾಗ ನಾನು ಅದನ್ನು ಕನ್ನಡ ಅಂತಲೇ ತಿಳ್ಕೊಂಡಿದ್ದೆ. ಕನ್ನಡ ಅಕ್ಷರದ ನಾಣ್ಯ ಬೇಕಾದವರು ಹಾಗಾಗಿ ಮೈಸೂರಿನ ತಾಮ್ರಕ್ಕೇ ಹೋಗ್ಬೇಕು. ಮೈಸೂರಲ್ಲಿ 1833ರ ತನಕ, ಮತ್ತೆ ಬೆಂಗಳೂರಲ್ಲಿ 1843ರ ತನಕ ಟಂಕಸಾಲೆ ನಡೆಯಿತು, ಅಲ್ಲಿಗೆ ನಿಂತಿತು.

1835ರ ನಂತರದ ಕಂಪೆನಿ ಕಾಲಾಣೆ ತಾಮ್ರದಲ್ಲಿ ಸುಲಭದ ದಾರಿ. 6.47 ಗ್ರಾಮ್, ರಾಜನ ಮುಖ ಇಲ್ಲ, ಲಾಂಛನ ಮಾತ್ರ. ನಮ್ಮ ಮುಷ್ಟಿ ತಾಮ್ರದಲ್ಲಿ ಹೆಚ್ಚಿನದ್ದು ಇದೇ. 1862ರಿಂದ ರಾಣಿಯ ಮುಖ ಬಂತು, 1906ರಲ್ಲಿ ತಾಮ್ರ ಬಿಟ್ಟು ಕಂಚು ಮಾಡಿ ತೂಕ 4.86ಕ್ಕೆ ಇಳಿಸಿದ್ರು.

ಇಲ್ಲಿ ಒಂದು ಎಚ್ಚರಿಕೆ ಕೊಡ್ಲೇಬೇಕು. ರಾಮ ಸೀತೆ, ಹನುಮಂತ, ಓಂ, ಕಮಲ ಎಲ್ಲ ಹಾಕಿ 1616, 1717, 1818 ಅಂತ ಇಸವಿ ಬರೆದು ಈಸ್ಟ್ ಇಂಡಿಯಾ ಕಂಪೆನಿ ಅರ್ಧಾಣೆ ಅಂತ ಮಾರ್ತಾರೆ. ಕಂಪೆನಿ ಅಂಥ ನಾಣ್ಯ ಯಾವತ್ತೂ ಹೊರಡಿಸಲಿಲ್ಲ, ಎಲ್ಲ ಈಚಿನವರು ಮಾಡಿದ ಬಿಲ್ಲೆ. ಅಕ್ಕಿ ಎಳೀತದೆ, ವಿದೇಶದಲ್ಲಿ ಕೋಟಿಗೆ ತೆಗೊಳ್ತಾರೆ ಅಂತ ಹೇಳಿ ರೈಸ್ ಪುಲ್ಲಿಂಗ್ ಹೆಸರಲ್ಲಿ ಮನೆ ಮಠ ಕಳ್ಕೊಂಡವರು ಕರ್ನಾಟಕ ಕೇರಳ ಎರಡೂ ಕಡೆ ಇದ್ದಾರೆ. ಯಾವ ನಾಣ್ಯವೂ ಅಕ್ಕಿ ಎಳೆಯುದಿಲ್ಲ ಮಾರಾಯ್ರೆ. ಅಂಥವನು ಬಂದ್ರೆ ಮೆಟ್ಟಿಲು ಹತ್ತಿಸ್ಬೇಡಿ.

ಇನ್ನು ಒಟ್ಟೆ ಮುಕ್ಕಾಲು, ಮಲಯಾಳದವರ ಓಟ್ಟ ಮುಕ್ಕಾಲ್. 1943ರಿಂದ 1947ರ ತನಕ ಬಂದದ್ದು. ಯುದ್ಧಕ್ಕೆ ಲೋಹ ಬೇಕಾದ ಕಾರಣ ನಡುವೆ ಒಟ್ಟೆ ಮಾಡಿ, ತೂಕವನ್ನು ಎರಡು ಗ್ರಾಮಿಗೂ ಕೆಳಗೆ ಇಳಿಸಿದ್ರು, ಹಳೆ ಕಂಚಿನ ಕಾಲಾಣೆಯ ಅರ್ಧಕ್ಕಿಂತ ಕಡಿಮೆ. ಒಟ್ಟೆ ಇದ್ದ ಮೇಲೆ ರಾಜನ ಮುಖಕ್ಕೆ ಜಾಗ ಎಲ್ಲಿ? ಹಾಗಾಗಿ ಬರೇ ಕಿರೀಟ, ಹಿಂದಿನ ಬದಿ ಒಟ್ಟೆಯ ಸುತ್ತ ಎಲೆಯ ಮಾಲೆ. ಬಡವರ ನಾಣ್ಯ ಅಂತ ಯಾರೂ ಇದನ್ನು ಲೆಕ್ಕಕ್ಕೆ ಹಿಡಿಯುದಿಲ್ಲ, ಬಾಗಿಲ ಚಿಲಕಕ್ಕೆ ವಾಷರ್ ಆಗಿ ಹೊಡೆದದ್ದು ನಮ್ಮ ಮನೇಲೇ ಉಂಟು. ಆದ್ರೆ ಒಂದಿಪ್ಪತ್ತು ಒಟ್ಟು ಮಾಡಿ ಮೇಜಿನ ಮೇಲೆ ಹರಡಿ ನೋಡಿ: ಕಿರೀಟದ ಆಕಾರ ಒಂದೇ ತರ ಇಲ್ಲ, ಕೆಲವದ್ದರ ನೆತ್ತಿ ಗುಂಡು, ಕೆಲವದ್ದು ಚಪ್ಪಟೆ, ಇಸವಿಯ ಅಂಕೆ ಕೆಲವದ್ದರಲ್ಲಿ ದೊಡ್ಡದು. ಕಲ್ಕತ್ತಾ ಬೊಂಬಾಯಿಗೆ ಸಾಲದೆ ಲಾಹೋರಲ್ಲಿ ಹೊಸ ಟಂಕಸಾಲೆ ಮಾಡಿದ್ರು, 1943ರದ್ದು ಸ್ವಲ್ಪ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲೂ ಅಚ್ಚಾಯ್ತು. ಹಳ್ಳಿಯ ಮುಕ್ಕಾಲಿಗೆ ಎಷ್ಟು ದೂರದ ಕತೆ ನೋಡಿ. ಬೆಲೆ ಕಡಿಮೆ, ನಕಲಿ ಮಾಡಿ ಯಾರಿಗೂ ಲಾಭ ಇಲ್ಲ, ತಪ್ಪಾದ್ರೂ ನಷ್ಟ ಇಲ್ಲ, ಕಣ್ಣು ಪಳಗ್ತದೆ. ಹಾಗಾಗಿ ತಮ್ಮನ ಮಗನಿಗೆ ನಾನು ಕೊಟ್ಟ ಉತ್ತರ ಇದು: ಒಂದು ವರ್ಷ ಆರನೇ ಜಾರ್ಜ್‌ನ ಚಿಲ್ಲರೆ ಮಾತ್ರ ಕೂಡಿಸು, ಒಟ್ಟೆ ಮುಕ್ಕಾಲು, ಹಳದಿ ಬಣ್ಣದ ಯುದ್ಧಕಾಲದ ಆಣೆ, ಚೌಕದ ಎರಡಾಣೆ. ಎರಡನೇ ವರ್ಷ ಕಂಪೆನಿ ತಾಮ್ರ, ಅದರ ಒಟ್ಟಿಗೆ ಒಂದು ಮಯಿಲಿ ಕಾಸು. ಬೆಳ್ಳಿ ಅದರ ಮೇಲೆ.

ತಲಶ್ಶೇರಿ ಪಣ ಅಂತ ಒಂದುಂಟು, ಐದಕ್ಕೆ ಒಂದು ರೂಪಾಯಿ, ಮಲಬಾರಿಗೆ ಅಂತ ಕಂಪೆನಿ ಮಾಡಿದ ಸಣ್ಣ ಬೆಳ್ಳಿ. ಮಾಹೆಯ ಫ್ರೆಂಚ್ ಪಣ, ಕಣ್ಣೂರು ಆಲಿರಾಜನ ಪಣ ಎಲ್ಲ ಆ ಜಾತಿಯದ್ದೇ. ಪಾರ್ಸಿ ಓದ್ಲಿಕ್ಕೆ ಬಾರದವರಿಗೆ ಒಂದಕ್ಕೊಂದು ಗೊತ್ತಾಗುದು ಕಷ್ಟ, ಕಲಿತವರ ಜತೆ ಕೂತು ನೋಡಿ ಮತ್ತೆ ತೆಗೊಳ್ಳಿ. ಇಂಥದ್ದೇ ನಾಣ್ಯ 2024ರ ಜುಲೈಯಲ್ಲಿ ಕಣ್ಣೂರಿನ ಚೆಂಗಳಾಯಿಯಲ್ಲಿ ರಬ್ಬರ್ ತೋಟದಲ್ಲಿ ಮಳೆನೀರಿನ ಗುಂಡಿ ತೋಡುವ ಉದ್ಯೋಗ ಖಾತರಿ ಹೆಂಗಸರಿಗೆ ಸಿಕ್ಕಿತ್ತು, ಅವರು ಹಾಗೇ ಪೊಲೀಸರಿಗೆ ಒಪ್ಪಿಸಿದ್ರು. ನಿಮ್ಮ ತೋಟದ ಮಣ್ಣಲ್ಲಿ ಸಿಕ್ಕಿದ್ರೂ ಹಾಗೇ ಮಾಡ್ಬೇಕು, ನಿಧಿಯ ಕಾನೂನು ಉಂಟು. ಮತ್ತೆ ಗಲ್ಫಿನಲ್ಲಿರುವ ನಮ್ಮವರಿಗೆ: ನೂರು ವರ್ಷ ದಾಟಿದ ನಾಣ್ಯ 1972ರ ಕಾನೂನಿನ ಪ್ರಕಾರ ಪುರಾತನ ವಸ್ತು, ಸುಮ್ಮನೆ ಬ್ಯಾಗಲ್ಲಿ ಹಾಕಿ ವಿಮಾನ ಹತ್ತುವ ಹಾಗಿಲ್ಲ.

ಇಟ್ಟುಕೊಳ್ಳುದು ಹೇಗೆ ಅಂತ ನಮ್ಮ ಊರಲ್ಲಿ ಬೇರೆಯೇ ಹೇಳ್ಬೇಕು, ಆಟಿ ತಿಂಗಳ ಮಳೆಗೆ ಚರ್ಮದ ಚಪ್ಪಲಿಗೆ ಬೂಸ್ಟು ಹಿಡಿಯುವ ಊರು ಇದು. ತಾಮ್ರಕ್ಕೆ ಹಸಿರು ಕಿಲುಬು ಹತ್ತಿದ್ರೆ ಒಂದರಿಂದ ಇನ್ನೊಂದಕ್ಕೂ ತೊಂದರೆ, ಅಂಥದ್ದನ್ನು ಬೇರೆ ಇಡಿ. ಮೆತ್ತಗಿನ ಪಿವಿಸಿ ಕವರ್ ಬೇಡ, ಎರಡು ಮಳೆಗಾಲಕ್ಕೆ ಅಂಟು ಬಿಟ್ಟು ನಾಣ್ಯ ಹಸಿರಾಗ್ತದೆ. ರಬ್ಬರ್ ಬ್ಯಾಂಡ್ ಹಾಕಿದ್ರೆ ಬೆಳ್ಳಿ ಕಪ್ಪಾಗ್ತದೆ. ಗಟ್ಟಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಸಾಕು. ಹುಣಸೆಹುಳಿ, ಬೂದಿ, ಲಿಂಬೆ ಯಾವುದೂ ಹಾಕ್ಬೇಡಿ. ನಮ್ಮ ಅತ್ತಿಗೆ ಪ್ರೀತಿಯಿಂದಲೇ ಒಂದು ಎಂಪ್ರೆಸ್ ರೂಪಾಯಿ ಹುಣಸೆಹುಳಿ ಹಾಕಿ ದೇವರ ದೀಪದ ಹಾಗೆ ಬೆಳಗಿಟ್ಟಿದ್ರು, ರಾಣಿಯ ಅಂಗಿಯ ಕಸೂತಿಯ ಎಳೆ ಅರ್ಧ ಹೋಯ್ತು, ಹಳೆಯ ಬೂದು ಬಣ್ಣ ಇನ್ನು ಬರುದಿಲ್ಲ.

ಕೊಕ್ಕೆ ಬೆಸೆದ ಆ ರೂಪಾಯಿ ಏನು ಮಾಡುದು ಅಂತ ಹುಡುಗ ಕೇಳಿದ. ಬೆಳ್ಳಿ ಕೆಲಸದವರು ಕೊಕ್ಕೆ ಬಿಡಿಸಿ ಕೊಡ್ತೇನೆ ಅಂತಾರೆ, ಬಿಡಿಸಿದ್ರೂ ಬೆಸುಗೆಯ ಕಲೆ ಉಳೀತದೆ, ಮಾರುವವರಿಗೆ ಹೇಗೂ ಬೆಲೆ ಅರ್ಧ. ಯಾರದ್ದೋ ಕುತ್ತಿಗೆಯಲ್ಲಿ ಇದ್ದ ಸರದ್ದು ಅದು, ಕೊಕ್ಕೆಯ ಒಳಬದಿ ದಾರ ತಾಗಿ ತಾಗಿ ತೆಳ್ಳಗಾಗಿದೆ. ಕೊಕ್ಕೆ ಹಾಗೇ ಇರ್ಲಿ ಅಂತ ಹೇಳಿದ್ದೇನೆ.